ಬಸಣ್ಣನೂ ರೋಸಿಯೂ

ಇವತ್ತು ಬೆಳಿಗ್ಗೆ ಸ್ನಾನದ ಮನೆಯ ನಲ್ಲಿ ತಿರುಗಿಸಿದಾಗ ನೀರಿನ ಜೊತೆ ಒಂದು ವಾಸನೆ ಬಂತು. ಕೊಳೆತದ್ದಲ್ಲ, ಹಸಿರು ವಾಸನೆ. ಬಿಸಿಲಿಗೆ ಬಿಟ್ಟ ತೊಟ್ಟಿಯ ಗೋಡೆಗೆ ಹತ್ತಿದ ಪಾಚಿಯನ್ನು ಉಗುರಿನಿಂದ ಕೆರೆದರೆ ಬರುತ್ತದಲ್ಲ, ಅದು. ಮಹಡಿಯ ಮೇಲಿನ ಟ್ಯಾಂಕ್ ತೊಳೆಯುತ್ತೇವೆ, ಮಧ್ಯಾಹ್ನದವರೆಗೆ ನೀರು ಬಳಸಬೇಡಿ ಎಂದು ಅಪಾರ್ಟ್‌ಮೆಂಟಿನವರ ಫೋನ್ ಗುಂಪಿನಲ್ಲಿ ಹಿಂದಿನ ದಿನವೇ ಹೇಳಿದ್ದರಂತೆ. ನಾನು ಆ ಗುಂಪನ್ನು ತೆರೆದು ನೋಡುವವನಲ್ಲ. ಹಾಗಾಗಿ ಬಕೆಟ್ಟಿನ ಮುಂದೆ ಟವಲು ಸುತ್ತಿಕೊಂಡು, ಸ್ನಾನವನ್ನೂ ಮಾಡದೆ ಎದ್ದೂ ಹೋಗದೆ, ಬಹಳ ಹೊತ್ತು ಕುಳಿತಿದ್ದೆ. ನಿಮಗೂ ಹೀಗಾಗುತ್ತದೋ ಇಲ್ಲವೋ ತಿಳಿಯದು. ನನಗಂತೂ ಜನರ ಮುಖ ಮಸುಕಾದರೂ ಅವರ ಮನೆಯ ನೀರಿನ ವಾಸನೆ ಮರೆತುಹೋಗುವುದಿಲ್ಲ.

ಇದು ಹೈದರಾಬಾದಿನ ಬರ್ಕತ್‌ಪುರದ ಒಂದು ಹಿತ್ತಲಿನ ವಾಸನೆ. ಊರಿನ ಪಶ್ಚಿಮದ ತುದಿಯಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ ನಾನು ಮೈಸೂರಿನಿಂದ ಇಲ್ಲಿಗೆ ಬಂದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಎಂದರೆ ಊರಿನಲ್ಲಿ ಎಲ್ಲರೂ ಹುಬ್ಬೇರಿಸುತ್ತಿದ್ದರು. ನನ್ನ ಕೆಲಸವೇನೆಂದು ಬಿಡಿಸಿ ಹೇಳಿದರೆ ಹುಬ್ಬು ಮತ್ತೆ ಕೆಳಗಿಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಏನಾದರೂ ಕೆಟ್ಟರೆ 'ಸಹಾಯ' ಎಂಬ ಗುಂಡಿ ಒತ್ತಿದಾಗ ಕಾಣಿಸುವ ಪುಟಗಳಿರುತ್ತವಲ್ಲ, ಅವನ್ನು ಬರೆಯುವವನು ನಾನು. ನೀವು ಎಂದಾದರೂ ಆ ಗುಂಡಿ ಒತ್ತಿದ್ದೀರಾ? ಯಾರೂ ಒತ್ತುವುದಿಲ್ಲ. ಪಕ್ಕದ ಕುರ್ಚಿಯವರನ್ನು ಕೇಳುತ್ತಾರೆ.

ಮೂವತ್ತೆಂಟರ ನಾನು ಅಲ್ಲಿ ಮುದುಕನಾಗಿದ್ದೆ. ಸುತ್ತ ಕುಳಿತವರೆಲ್ಲ ಕಾಲೇಜಿನ ಬೆಂಚಿನಿಂದ ನೇರವಾಗಿ ಎದ್ದು ಬಂದ ಹುಡುಗ ಹುಡುಗಿಯರು. ಮಂಗಳೂರು, ವಿಜಯವಾಡ, ಭುವನೇಶ್ವರ, ಎಲ್ಲೆಲ್ಲಿಂದಲೋ ಬಂದವರು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಕಂಪನಿಯ ಪದ್ಧತಿ. ನನ್ನನ್ನು ಮಾತ್ರ 'ಸರ್' ಎನ್ನುತ್ತಿದ್ದರು. ಶುಕ್ರವಾರ ಸಂಜೆ ಎಲ್ಲಿಗೋ ಹೊರಡುವಾಗ ಸೌಜನ್ಯಕ್ಕೆ ನನ್ನ ಮೇಜಿನ ಹತ್ತಿರ ನಿಂತು, "ಬರ್ತೀರಾ ಸರ್?" ಎಂದು ಕೇಳುವರು. ಬರಲಾರೆನೆಂದರೆ ಅವರ ಮುಖದ ಮೇಲೆ ಒಂದು ಸಮಾಧಾನ ಮೂಡುತ್ತಿತ್ತು. ಅದನ್ನು ನೋಡಬಾರದೆಂದು ನಾನು ಕಂಪ್ಯೂಟರಿನ ಕಡೆ ತಿರುಗುತ್ತಿದ್ದೆ. ಮದುವೆ ಏಕಾಗಲಿಲ್ಲ ಎನ್ನುವುದು ಬೇರೆ ಕಥೆ. ಕಥೆ ಎನ್ನುವಷ್ಟೇನೂ ಇಲ್ಲ, ಮುಂದೆ ನೋಡೋಣ ಎನ್ನುತ್ತ ವರ್ಷಗಳು ಹೋದವು, ಅಷ್ಟೆ.

ಕಂಪನಿಯ ಹತ್ತಿರವೇ ಮನೆ ಮಾಡಬಹುದಿತ್ತು. ಆದರೆ ಬರ್ಕತ್‌ಪುರದ ಗಲ್ಲಿಯೊಂದರಲ್ಲಿ ಗೇಟಿನ ಮೇಲೆ ಕನ್ನಡದಲ್ಲಿ ಬರೆದ ಹೆಸರು ಕಂಡು ಅಲ್ಲೇ ನಿಂತುಬಿಟ್ಟೆ. ದಿನಕ್ಕೆ ಮೂರು ಗಂಟೆ ಕಂಪನಿ ಬಸ್ಸಿನಲ್ಲಿ ಕುಳಿತಿರಬೇಕಾಗುತ್ತದೆ ಎಂಬ ಲೆಕ್ಕವನ್ನೂ ಹಾಕದೆ ಕೆಳಗಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ಮೇಲೆ ಮನೆಯೊಡತಿ ಶಾಂತಾಬಾಯಿ ಒಬ್ಬರೇ ಇದ್ದರು. ಅವರ ತಂದೆ ನಿಜಾಮರ ಕಾಲದಲ್ಲಿ ಗುಲ್ಬರ್ಗಾದಿಂದ ಕಂದಾಯ ಇಲಾಖೆಯ ನೌಕರಿಗೆ ಬಂದು ಇಲ್ಲೇ ನೆಲೆ ನಿಂತವರು. ಶಾಂತಾಬಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಇಡೀ ಜೀವಮಾನ ಬೇರೆಯವರ ಮಾತುಗಳನ್ನು ಜೋಡಿಸಿಕೊಟ್ಟು ಸಾಕಾಗಿದೆ ಎನ್ನುವಂತೆ ಇರುತ್ತಿದ್ದರು. ನನ್ನ ಮೈಸೂರು ಕನ್ನಡ ಕೇಳಿ ಮೊದಲ ದಿನವೇ, "ರೇಡಿಯೋದಾಗಿನ ವಾರ್ತಾ ಕೇಳಿದಂಗ ಐತ್ರಿ ನಿಮ್ಮ ಮಾತು," ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಬಸಣ್ಣನ ಪರಿಚಯವಾದದ್ದು ಎರಡನೆಯ ದಿನ ಬೆಳಿಗ್ಗೆ. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ದಾಸವಾಳದ ಗಿಡದ ಬುಡದಲ್ಲಿದ್ದ ಕಲ್ಲೊಂದು ನಾಲ್ಕು ಹೆಜ್ಜೆ ನಡೆದು, ಬಿದ್ದ ಹೂವನ್ನು ಕಚ್ಚಿತು. ನಾನು ನೊರೆಯನ್ನು ನುಂಗಿಬಿಟ್ಟೆ. ಗುಮ್ಮಟದಂಥ ಚಿಪ್ಪು, ಅದರ ತುಂಬ ಕಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಐವತ್ತು ವರ್ಷದಿಂದ ಆ ಆಮೆ ಆ ಮನೆಯಲ್ಲಿತ್ತಂತೆ. ಯಾರೋ ಗುತ್ತಿಗೆದಾರರು ಅನಂತಪುರದ ಕಡೆಯಿಂದ ತಂದು ಶಾಂತಾಬಾಯಿಯವರ ತಂದೆಗೆ ಕೊಟ್ಟದ್ದು. ಶಾಂತಾಬಾಯಿ ದಿನವೂ ಪೂಜೆ ಮುಗಿಸಿ ಕೆಳಗಿಳಿದು, ಸೌತೆಕಾಯಿಯ ಹೋಳನ್ನು ನೆಲದ ಮೇಲಿಟ್ಟು, "ಬಾ ಬಸಣ್ಣ" ಎನ್ನುವರು. ಬಸಣ್ಣ ಬರಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಷ್ಟು ಹೊತ್ತೂ ಅವರು ಬಗ್ಗಿಯೇ ನಿಂತಿರುತ್ತಿದ್ದರು.

ಒಂದು ಭಾನುವಾರ, ಮಳೆಗಾಲ ಇನ್ನೂ ಶುರುವಾಗುತ್ತಿದ್ದಾಗ, ಗೇಟಿನ ಹತ್ತಿರ ಒಬ್ಬ ವಯಸ್ಸಾದವರು ಬಂದು ನಿಂತರು. ಕೈಯಲ್ಲಿ ಬಕೆಟ್ಟು, ಅದರ ಬಾಯಿಗೆ ಒದ್ದೆ ಗೋಣಿ. ಬಿಳಿ ಅಂಗಿ, ದಪ್ಪ ಕನ್ನಡಕ, ಸ್ವಲ್ಪ ಏದುಸಿರು. "ಶಾಂತಾಬಾಯಿಯವರ ಮನಿ ಇದ ಅಲ್ಲರಿ?" ಎಂದು ಕೇಳಿದರು. ಹೌದು, ಮೇಲಿದ್ದಾರೆ, ಬನ್ನಿ ಎಂದೆ. ಅವರು ಬರಲಿಲ್ಲ. ತಾನು ಪಟಾನ್‌ಚೆರುವಿನಿಂದ ಬಂದವನೆಂದೂ, ತಾನಿದ್ದ ವಠಾರವನ್ನು ಕೆಡವುತ್ತಿದ್ದಾರೆಂದೂ, ಹೊಸದಾಗಿ ಸಿಕ್ಕ ಮಹಡಿ ಕೋಣೆಯಲ್ಲಿ ಇದನ್ನು ಇಡಲು ಜಾಗವಿಲ್ಲವೆಂದೂ ಹೇಳಿ ಬಕೆಟ್ಟನ್ನು ಗೇಟಿನ ಮೇಲಿನಿಂದ ನನಗೆ ದಾಟಿಸಿದರು. ಬಕೆಟ್ಟಿನೊಳಗೆ ಏನೋ ಕೆರೆಯಿತು.

"ಆಕಿಗೆ ಹೇಳ್ರಿ, ಇದು ಗ್ರೇಸಂದು ಅಂತ. ಅಷ್ಟು ಹೇಳಿದ್ರ ಸಾಕು."

ಏನಾದರೂ ಆದರೆ ಯಾರಿಗೆ ತಿಳಿಸಲಿ ಎಂದು ಕೇಳಿದ್ದಕ್ಕೆ ಮೊಬೈಲ್ ನಂಬರ್ ಹೇಳಿದರು. ಹೆಸರು ರೇವಣಸಿದ್ದಪ್ಪ. ನಂಬರನ್ನು ನನ್ನ ಫೋನಿಗೆ ಹಾಕಿಕೊಂಡು ತಲೆ ಎತ್ತುವಷ್ಟರಲ್ಲಿ ಗಲ್ಲಿಯ ತಿರುವಿನವರೆಗೆ ಹೋಗಿದ್ದರು.

ಶಾಂತಾಬಾಯಿ ಮೇಲೆ ಪುಂಡಿ ಸೊಪ್ಪು ಬಿಡಿಸುತ್ತಿದ್ದರು. ನಾನು ಒಪ್ಪಿಸಬೇಕಾಗಿದ್ದ ವಾಕ್ಯವನ್ನು ಒಪ್ಪಿಸಿದೆ. ಅವರ ಕೈ ನಿಂತಿತು. ಯಾರು ಬಂದಿದ್ದರು ಎಂದು ಕೇಳಲಿಲ್ಲ. "ಹೋದನೇನು?" ಎಂದಷ್ಟೇ ಕೇಳಿದರು. ಹೋದರು ಎಂದೆ. ಕೆಳಗಿಳಿದು ಬಂದು ಗೋಣಿಯನ್ನು ಎತ್ತಿ ನೋಡಿದರು. ಒಳಗೆ ಊಟದ ತಟ್ಟೆಯಷ್ಟು ಅಗಲದ, ಚಪ್ಪಟೆ ಚಿಪ್ಪಿನ ಇನ್ನೊಂದು ಆಮೆ. ಕಾಲುಬೆರಳುಗಳ ನಡುವೆ ಬಾತುಕೋಳಿಗಿದ್ದಂತೆ ಪೊರೆ. ಕಣ್ಣಿನ ಹಿಂದೆ, ಕಿವಿ ಇರಬೇಕಾದ ಜಾಗದಲ್ಲಿ, ಕುಂಕುಮ ಎಳೆದಂತೆ ಒಂದು ಕೆಂಪು ಗೆರೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ಗ್ರೇಸ್ ಯಾರೆಂಬುದು ನನಗೆ ಒಂದೇ ದಿನದಲ್ಲಿ ತಿಳಿಯಲಿಲ್ಲ. ಬಾಡಿಗೆ ಕೊಡಲು ಹೋದಾಗ ಒಂದು ತುಂಡು, ಕರೆಂಟು ಹೋಗಿ ಮೆಟ್ಟಿಲ ಮೇಲೆ ಕುಳಿತ ಸಂಜೆ ಇನ್ನೊಂದು ತುಂಡು. ರೇವಣಸಿದ್ದಪ್ಪ ಶಾಂತಾಬಾಯಿಯವರ ಒಬ್ಬನೇ ತಮ್ಮ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ದವಾಖಾನೆಯ ನರ್ಸ್ ಗ್ರೇಸಳನ್ನು ರಿಜಿಸ್ಟರ್ ಮದುವೆಯಾಗಿ, ಒಂದು ಮಧ್ಯಾಹ್ನ ಮನೆಗೆ ಕರೆದುಕೊಂಡು ಬಂದ. ಆಗ ತಾಯಿ ಬದುಕಿದ್ದರು. ಹೊರಗೆ ಹಾಕಲಿಲ್ಲ, ಬೈಯಲೂ ಇಲ್ಲ. ಇರಲಿ, ಆದರೆ ಅಡಿಗೆಮನೆಗೆ ಬರುವುದು ಬೇಡ ಎಂದರು. ಹಿತ್ತಲಿನ ಗೋಡೆಗೆ ತಗಡಿನ ಒಂದು ಇಳಿಜಾರು ಮಾಡು ಇತ್ತು, ಸೌದೆ ಇಡುವ ಜಾಗ. ಅಲ್ಲಿ ಆಕೆಗೆ ಬೇರೆ ಒಲೆ, ಉಣ್ಣಲು ಬೇರೆ ಗಂಗಾಳ, ನೀರಿಗೆ ಬೇರೆ ಕೊಡ. ಅವನ್ನೆಲ್ಲ ಜೋಡಿಸಿಕೊಟ್ಟವರು ಶಾಂತಾಬಾಯಿ. ಒಂದು ಮಳೆಗಾಲ ಗ್ರೇಸ್ ಅಲ್ಲೇ ಬೇಯಿಸಿಕೊಂಡು ಉಂಡಳು. ಚಳಿ ಶುರುವಾಗುವ ಮೊದಲು ಗಂಡ ಹೆಂಡತಿ ಇಬ್ಬರೂ ಪಟಾನ್‌ಚೆರುವಿಗೆ ಹೊರಟುಹೋದರು. ಆಮೇಲೆ ಅಕ್ಕ ತಮ್ಮ ಮಾತಾಡಿರಲಿಲ್ಲ. ಮಕ್ಕಳಾಗಲಿಲ್ಲ. ಗ್ರೇಸ್ ಹಳೇ ಊರಿನ ಹಕ್ಕಿ ಸಂತೆಯಿಂದ ಒಂದು ರೂಪಾಯಿ ನಾಣ್ಯದಷ್ಟಿದ್ದ ಆಮೆಮರಿಯನ್ನು ತಂದು ಸಾಕಿದ ಸುದ್ದಿ, ಅದಕ್ಕೆ ರೋಸಿ ಎಂದು ಹೆಸರಿಟ್ಟ ಸುದ್ದಿ, ಕೊನೆಗೆ ಆಕೆ ತೀರಿಕೊಂಡ ಸುದ್ದಿ, ಎಲ್ಲವೂ ಅವರಿವರ ಬಾಯಿಂದ ಈ ಮನೆಗೆ ಬಂದು ಮುಟ್ಟಿದ್ದವು. ಅಂದರೆ ಬಕೆಟ್ಟಿನಲ್ಲಿ ಬಂದದ್ದೇನೆಂದು ಶಾಂತಾಬಾಯಿಯವರಿಗೆ ಗೋಣಿ ಎತ್ತುವ ಮೊದಲೇ ಗೊತ್ತಿತ್ತು.

ಮಾರನೆಯ ದಿನ ಗಾರೆಯವನನ್ನು ಕರೆಸಿದರು. ದಾಸವಾಳದ ಪಕ್ಕ ನೆಲ ಅಗೆಸಿ ಸಿಮೆಂಟಿನ ತೊಟ್ಟಿಯೊಂದನ್ನು ನೆಲದ ಮಟ್ಟಕ್ಕೆ ಹೂಳಿಸಿದರು. ಸುತ್ತ ಇಟ್ಟಿಗೆಯ ಮೊಣಕಾಲೆತ್ತರದ ಗೋಡೆ. ಒಳಗೆ ಅರ್ಧ ನೀರು, ಅರ್ಧ ಮಣ್ಣು. ರೋಸಿಯನ್ನು ಅದರಲ್ಲಿ ಬಿಟ್ಟರು. ಆಮೇಲೆ, ಅಷ್ಟು ವರ್ಷ ಇಡೀ ಹಿತ್ತಲನ್ನು ಸ್ವಂತ ಜಹಗೀರಿನಂತೆ ಸುತ್ತಿಕೊಂಡಿದ್ದ ಬಸಣ್ಣನನ್ನೂ ಎತ್ತಿ ಅದರೊಳಗೇ ಇಟ್ಟರು. ನನಗೆ ಏಕೋ ಅನುಮಾನವಾಗಿ, ಇಬ್ಬರಿಗೂ ಹೊಂದಿಕೆಯಾಗುತ್ತದೆಯೇ ಎಂದು ಕೇಳಿದೆ.

"ಎರಡೂ ಆಮೀನ ಅಲ್ಲೇನ್ರಿ," ಎಂದರು ಶಾಂತಾಬಾಯಿ. "ಕೂಡೇ ಇರಲಿ."

ನಮ್ಮ ಭಾಷೆಯಲ್ಲಿ ಎರಡಕ್ಕೂ ಇರುವುದು ಒಂದೇ ಹೆಸರು ತಾನೆ. ನಾನು ಒಪ್ಪಿಕೊಂಡೆ.

ಆ ಸಹವಾಸವನ್ನು ನಾನು ಸಂಜೆ ಸಂಜೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಕಂಪನಿಯಿಂದ ಬಂದ ಮೇಲೆ ನನಗೆ ನೋಡುವುದಕ್ಕೆ ಇದ್ದದ್ದೂ ಅದೊಂದೇ. ರೋಸಿ ಚುರುಕು. ಸೊಪ್ಪು ಹಾಕಿದರೆ ಕಚ್ಚಿಕೊಂಡು ನೀರಿಗೆ ಓಡುವಳು. ನೀರಿನಲ್ಲಲ್ಲದೆ ನುಂಗಲು ಅವಳಿಗೆ ಬರುತ್ತಿರಲಿಲ್ಲ. ಬಸಣ್ಣನಿಗೆ ಅವಸರವೆಂದರೇನೆಂದೇ ಗೊತ್ತಿಲ್ಲ. ಅವನು ಸೌತೆಕಾಯಿಯ ಹತ್ತಿರ ತಲುಪುವಷ್ಟರಲ್ಲಿ ಅದು ತೊಟ್ಟಿಯ ತಳದಲ್ಲಿರುತ್ತಿತ್ತು. ಕೆಲವೊಮ್ಮೆ ರೋಸಿ ಅವನ ಕಾಲನ್ನೇ ತಿನ್ನುವ ವಸ್ತುವೆಂದು ತಿಳಿದು ಕಚ್ಚಿ ನೋಡುತ್ತಿದ್ದಳು. ಅವನು ಬುಸ್ ಎಂದು ಒಳಗೆ ಸೇರಿಕೊಂಡರೆ ಮತ್ತೆ ಅರ್ಧ ದಿನ ಹೊರಗೆ ಬರುತ್ತಿರಲಿಲ್ಲ. ಮಳೆ ಜೋರಾಯಿತು. ತೊಟ್ಟಿಯ ನೀರು ಉಕ್ಕಿ ಮಣ್ಣೆಲ್ಲ ಕೆಸರಾಯಿತು. ಒಣ ನಾಡಿನ ಪ್ರಾಣಿ ಬಸಣ್ಣ, ರೋಸಿ ಗಲೀಜು ಮಾಡಿದ ಆ ಹಸಿರು ನೀರನ್ನೇ ಕುಡಿಯುತ್ತ, ಕೆಸರಿನಲ್ಲೇ ಮಲಗುತ್ತ ದಿನ ದೂಡಿದ.

ಒಂದು ಬೆಳಿಗ್ಗೆ ಅವನ ಮೂಗಿನ ತೂತುಗಳಲ್ಲಿ ಸಣ್ಣ ಗುಳ್ಳೆಗಳು ಕಂಡವು. ಬಾಯಿ ತೆರೆದು ಉಸಿರಾಡುತ್ತಿದ್ದ. "ಬಾ ಬಸಣ್ಣ" ಎಂದು ಶಾಂತಾಬಾಯಿ ಎಷ್ಟು ಕರೆದರೂ ಬರಲಿಲ್ಲ. ಆ ದಿನ ನಾನು ರಜೆ ಹಾಕಿದೆ. ಅವನನ್ನು ಹಣ್ಣಿನ ಬುಟ್ಟಿಯಲ್ಲಿಟ್ಟು ಟವಲು ಮುಚ್ಚಿ ಆಟೋದಲ್ಲಿ ಒಬ್ಬ ಪಶುವೈದ್ಯೆಯ ಹತ್ತಿರ ಹೋದೆವು. ಆಕೆ ಬುಟ್ಟಿಯೊಳಗೆ ನೋಡಿ, ಮೊದಲು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ನಕ್ಷತ್ರದ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ, ಗುಣವಾದ ಮೇಲೆ ಆ ಬಗ್ಗೆ ಯೋಚಿಸಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಆಮೇಲೆ ಪ್ರಶ್ನೆಗಳನ್ನು ಕೇಳುತ್ತ ಹೋದರು. ಜೊತೆಗೆ ಇನ್ನೊಂದು ಜಾತಿಯ ಆಮೆ ಇದೆ ಎಂದು ತಿಳಿದ ಕೂಡಲೇ ತಲೆಯಾಡಿಸಿದರು. ಒಂದಕ್ಕೆ ಬೇಕಾದದ್ದು ನೀರು, ಇನ್ನೊಂದಕ್ಕೆ ಬೇಕಾದದ್ದು ಒಣ ನೆಲ. ಒಂದರ ಮೈಯಲ್ಲಿ ಸುಮ್ಮನೆ ಇರುವ ರೋಗ ಇನ್ನೊಂದಕ್ಕೆ ಪ್ರಾಣಾಂತಿಕವಾಗಬಹುದು. ಜಾಗ, ನೀರು, ಊಟದ ತಟ್ಟೆ, ಎಲ್ಲವನ್ನೂ ಇವತ್ತೇ ಬೇರೆ ಮಾಡಿ ಎಂದು ಹೇಳಿ ಇಂಜೆಕ್ಷನ್ ಕೊಟ್ಟರು.

ಶಾಂತಾಬಾಯಿ ಮನೆಗೆ ಬಂದು ಬಸಣ್ಣನನ್ನು ಮತ್ತೆ ಅದೇ ಇಟ್ಟಿಗೆಯ ಕಟ್ಟೆಯೊಳಗೆ ಇಟ್ಟರು. ಕೆಸರಿನ ಮೇಲೆ ಒಂದು ಹಲಗೆ ಹಾಕಿದರು, ಅಷ್ಟೆ. ನಾನು ಡಾಕ್ಟರಮ್ಮನ ಮಾತನ್ನು ನೆನಪಿಸಿದೆ. ಕೇಳಿಸದವರಂತೆ ಮೇಲೆ ಹೋದರು. ಮರುದಿನ ಕಂಪನಿಯಲ್ಲಿ ಕುಳಿತು, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಆಮೆಗಳನ್ನು ಏಕೆ ಬೇರೆ ಇಡಬೇಕು ಎನ್ನುವುದನ್ನು ಕನ್ನಡದಲ್ಲಿ ಎರಡು ಪುಟ ಬರೆದು ತಂದೆ. ನನ್ನ ವೃತ್ತಿಜೀವನದಲ್ಲಿ ಒಂದು ಜೀವಕ್ಕಾಗಿ ಬರೆದ ಸಹಾಯದ ಪುಟಗಳು ಅವೆರಡೇ. ಶಾಂತಾಬಾಯಿ ಓದಿ, ಮಡಿಸಿ, ಪಕ್ಕಕ್ಕಿಟ್ಟರು. ಬಸಣ್ಣ ಅವತ್ತೂ ಏನೂ ತಿನ್ನಲಿಲ್ಲ.

ಬೇರೆ ದಾರಿ ಕಾಣದೆ ರೇವಣಸಿದ್ದಪ್ಪನವರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಎರಡನ್ನೂ ಒಂದ ಕಡೆ ಇಟ್ಟಾಳೇನು?" ಎಂದರು. ಹೌದೆಂದೆ. ನಾಳೆ ಬರುತ್ತೇನೆ ಎಂದರು.

ಬಂದವರು ಮನೆಯ ಬಾಗಿಲ ಕಡೆ ತಿರುಗಲಿಲ್ಲ. ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ ಹೋದರು. ಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ನೀರಿಗೆ ಕೈ ಹಾಕಿ ರೋಸಿಯ ಬೆನ್ನು ಸವರಿದರು. ಆಮೇಲೆ ಬಸಣ್ಣನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅಂಗಿಯ ತುದಿಯಿಂದ ಅವನ ಮೂಗು ಒರೆಸಿದರು. ಅವರೂ ಆ ಆಮೆಯ ಜೊತೆ ಬೆಳೆದವರಲ್ಲವೆ, ಅದು ನನಗೆ ಹೊಳೆದದ್ದೇ ಆಗ. ಶಾಂತಾಬಾಯಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಒಳಗೆ ಹೋಗಲೋ ಇರಲೋ ತಿಳಿಯದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆ.

"ಇವಕ್ಕ ಕೂಡಿ ಇರಾಕ ಬರಂಗಿಲ್ಲ ಅಕ್ಕ," ಎಂದರು ರೇವಣಸಿದ್ದಪ್ಪ, ತಲೆ ಎತ್ತದೆ. "ಅದರ ನೀರು ಇದಕ್ಕ ಆಗಂಗಿಲ್ಲ."

"ಮತ್ತ ಬ್ಯಾರೆ ಗಂಗಾಳ, ಬ್ಯಾರೆ ನೀರು," ಎಂದರು ಶಾಂತಾಬಾಯಿ. ಧ್ವನಿ ಎಂದಿನಂತೆಯೇ ಇತ್ತು, ಕೈ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. "ಇದ ಹಿತ್ತಲದಾಗ, ನನ್ನ ಕೈಲೇ ಮತ್ತ ಅದನ್ನ ಮಾಡಸ್ತಿ ಏನು? ನನ್ನಿಂದ ಆಗಂಗಿಲ್ಲ ರೇವಣ."

ರೇವಣಸಿದ್ದಪ್ಪ ಬಸಣ್ಣನ ಚಿಪ್ಪಿನ ಮೇಲಿನ ಕೆಸರನ್ನು ಬೆರಳಿನಿಂದ ಬಿಡಿಸುತ್ತಿದ್ದರು.

"ಬ್ಯಾರೆ ಒಲಿ ಹೂಡಿದ್ದಕ್ಕ ಆಕಿ ಎಂದೂ ಏನೂ ಅನಲಿಲ್ಲ," ಎಂದರು ಕೊನೆಗೆ. "ಆಕಿ ಬೇಯಿಸೋದು ನಾವು ತಿನ್ನೋರಲ್ಲ, ಆಕಿಗೆ ಗೊತ್ತಿತ್ತು. ಆದ್ರ ಅಷ್ಟು ದಿನ ಆಕಿ ಒಬ್ಬಾಕಿನ ಕುಂತು ಉಂಡಳು. ಒಂದು ದಿನಾನೂ ಯಾರೂ ಹೊರಗ ಬಂದು ಬಾಜೂಕ ಕುಂಡ್ರಲಿಲ್ಲ. ಅದು ಕಡೀತನಕ ನೆಪ್ಪಿತ್ತು ಆಕಿಗೆ."

ಶಾಂತಾಬಾಯಿ ಒಳಗೆ ಹೋದರು. ರೇವಣಸಿದ್ದಪ್ಪ ಎದ್ದು, ನನ್ನ ಕೈಗೊಂದು ಸಲಿಕೆ ಕೊಟ್ಟು, ಬಸಣ್ಣನಿಗೆ ಹಿತ್ತಲಿನ ಎತ್ತರದ ಮೂಲೆಯಲ್ಲಿ ಮರಳು ಹಾಸಿ, ಮೇಲೆ ತಗಡು ಮುಚ್ಚಿ ಜಾಗ ಮಾಡಿದರು. ನಾನು ಅಗೆದದ್ದಕ್ಕಿಂತ ನನ್ನ ಕಾಲ ಮೇಲೆ ಹಾಕಿಕೊಂಡ ಮಣ್ಣೇ ಹೆಚ್ಚು. ಕೆಲಸ ಮುಗಿಯುವಷ್ಟರಲ್ಲಿ ಶಾಂತಾಬಾಯಿ ಮೂರು ಲೋಟ ಚಹಾ ತಂದರು. ತಮ್ಮನನ್ನು ಒಳಗೆ ಕರೆದರು. ಬೇಡ, ಇಲ್ಲೇ ಇರುತ್ತೇನೆ ಎಂದರು ಅವರು. ಮತ್ತೊಮ್ಮೆ ಕರೆಯಲಿಲ್ಲ. ತಮ್ಮದೊಂದು ಲೋಟ ಹಿಡಿದು ಶಾಂತಾಬಾಯಿ ಒಗೆಯುವ ಕಲ್ಲಿನ ಮೇಲೆ ಕುಳಿತರು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಹೋದರೆ ಶಾಂತಾಬಾಯಿ ಸೆರಗು ಸಿಕ್ಕಿಸಿಕೊಂಡು ಗ್ರೇಸ್ ಒಲೆ ಹೂಡಿದ್ದ ತಗಡಿನ ಮಾಡಿನ ಕೆಳಗೆ ಗುಡಿಸುತ್ತಿದ್ದರು. ಮೇಲಿನಿಂದ ಗ್ಯಾಸಿನ ಸಿಲಿಂಡರನ್ನು ಇಳಿಸಿಕೊಡಲು ನನಗೆ ಹೇಳಿದರು. ಆಮೇಲೆ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ, ಮನೆಯಲ್ಲಿ ದಿನವೂ ಉಣ್ಣುವ ಗಂಗಾಳಗಳು, ಎಲ್ಲವೂ ಒಂದೊಂದಾಗಿ ಕೆಳಗಿಳಿದವು. ಹೇಳಿಹೋದಂತೆ ತೊಟ್ಟಿ ತೊಳೆಯಲು ತಮ್ಮ ಬರುವ ಹೊತ್ತಿಗೆ ಅವರು ಅಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. ರೇವಣಸಿದ್ದಪ್ಪ ಸಂದಿಯ ತಿರುವಿನಲ್ಲಿ ನಿಂತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಬಂದು ಗೋಡೆಗೆ ಒರಗಿ ಕುಳಿತರು.

ಅಂದಿನಿಂದ ಪ್ರತಿ ಭಾನುವಾರ ಆ ಮನೆಯ ಅಡಿಗೆ ಹಿತ್ತಲಲ್ಲೇ ಆಯಿತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ರೊಟ್ಟಿ ಮುರಿಯಲು ಬಾರದ ನನ್ನ ಮೈಸೂರಿನ ಬೆರಳುಗಳನ್ನು ನೋಡಿ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವರಿಬ್ಬರ ನಡುವೆ ಹೆಚ್ಚು ಮಾತೇನೂ ಇರಲಿಲ್ಲ. ರೇವಣಸಿದ್ದಪ್ಪ ತೊಟ್ಟಿ ತೊಳೆದು ಹೊಸ ನೀರು ತುಂಬುವರು. ಶಾಂತಾಬಾಯಿ ಬಸಣ್ಣನಿಗೆ ಬಿಸಿಲು ತೋರಿಸುವರು. ಬಸಣ್ಣ ಒಂದು ದಿನ ಸೌತೆಕಾಯಿಯ ಕಡೆ ತಲೆ ಚಾಚಿದ. ಇನ್ನೂ ಕೆಲವು ವಾರಗಳಲ್ಲಿ ಗುಳ್ಳೆಗಳು ನಿಂತವು. ಆದರೂ ರೇವಣಸಿದ್ದಪ್ಪ ಬರುವುದನ್ನು ನಿಲ್ಲಿಸಲಿಲ್ಲ, ಮನೆಯ ಒಳಗೆ ಒಮ್ಮೆಯೂ ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ.

ಆ ಭಾನುವಾರಗಳ ಬಗ್ಗೆ ನನ್ನದೂ ಒಂದು ಮಾತಿದೆ. ಮೂರನೆಯ ಗಂಗಾಳ ಯಾವತ್ತೂ ಕೇಳದೆಯೇ ಬರುತ್ತಿತ್ತು. ನಾನು ಅಲ್ಲಿ ಯಾರೂ ಅಲ್ಲ, ಕೆಳಗಿನ ಬಾಡಿಗೆಯವನು. ಆದರೂ ಶನಿವಾರ ಸಂಜೆಯೇ ನನಗೆ ಹಸಿವಾಗಲು ಶುರುವಾಗುತ್ತಿತ್ತು. ಸೋಮವಾರ ಬಸ್ಸಿನಲ್ಲಿ ಕುಳಿತು, ಕಿವಿಗೆ ವಯರು ಸಿಕ್ಕಿಸಿಕೊಂಡು ನಿದ್ದೆ ಹೋದ ಹುಡುಗರ ನಡುವೆ, ಕೈಯನ್ನು ಮೂಗಿಗೆ ಹಿಡಿದರೆ ಹಿಂಡಿಯ ಬೆಳ್ಳುಳ್ಳಿಯ ವಾಸನೆ ಇನ್ನೂ ಇರುತ್ತಿತ್ತು.

ಎರಡು ಮಳೆಗಾಲ ಹೀಗೆ ನಡೆಯಿತು. ಒಂದು ಚಳಿಗಾಲದ ಭಾನುವಾರ ಅವರು ಬರಲಿಲ್ಲ. ರೊಟ್ಟಿಗಳು ಬಟ್ಟೆಯೊಳಗೆ ಬಿರುಸಾದವು. ನಾನು ಫೋನ್ ಮಾಡಿದಾಗ ತೆಗೆದವರು ಅವರ ಕೋಣೆಯ ಕೆಳಗಿನ ಅಂಗಡಿಯವರು. ರಾತ್ರಿ ಎದೆ ಬಿಗಿಯಾಯಿತಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ. ನಾವು ಬಸ್ಸು ಹಿಡಿದು ಹೋದೆವು. ಗ್ರೇಸಳ ಚರ್ಚಿನವರೇ ಮುಂದೆ ನಿಂತು ಎಲ್ಲವನ್ನೂ ಮಾಡುತ್ತಿದ್ದರು. ಆಕೆಯ ಪಕ್ಕದಲ್ಲೇ ಇವರಿಗೂ ಜಾಗ ಕೊಟ್ಟಿದ್ದರು. ಪಾದ್ರಿಗಳು ಹೆಚ್ಚೇನೂ ಪ್ರಶ್ನೆ ಕೇಳಲಿಲ್ಲವಂತೆ. ಎಲ್ಲರೂ ಹೋದ ಮೇಲೆ ಶಾಂತಾಬಾಯಿ ತಮ್ಮನ ಹಸಿ ಮಣ್ಣಿನ ಹತ್ತಿರ ನಿಲ್ಲದೆ, ಹಳೆಯದಾದ ಪಕ್ಕದ ಕಲ್ಲಿನ ಹತ್ತಿರ ಹೋಗಿ ನೆಲದ ಮೇಲೆ ಕುಳಿತರು. ಅಂಥ ಜಾಗದಲ್ಲಿ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಸೆರಗಿನಿಂದ ಕಲ್ಲಿನ ಮೇಲಿನ ಧೂಳು ಒರೆಸಿದರು.

"ಗ್ರೇಸ್, ರೋಸಿ ಛಲೋ ಐತಿ," ಎಂದರು. "ಊಟ ಮಾಡಾಕತ್ತೈತಿ."

ಆ ಹೆಸರನ್ನು ಅವರು ಹೀಗೆ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಹುಶಃ ಅವರೂ ಮೊದಲ ಸಲವೇ ಕರೆದಿದ್ದರು.

ಉಳಿದದ್ದು ಬೇಗ ಮುಗಿಯುತ್ತದೆ. ಬಸಣ್ಣನನ್ನು ಶಾಂತಾಬಾಯಿ ತಾವೇ ಹೇಳಿ ಮೃಗಾಲಯಕ್ಕೆ ಕೊಡಿಸಿದರು. ತಮಗೂ ವಯಸ್ಸಾಯಿತು, ಅವನಂಥವರ ನಡುವೆ ಇರಲಿ ಎಂದರು. ಒಮ್ಮೆ ನೋಡಲು ಹೋದೆವು. ಒಣ ಹುಲ್ಲಿನ ಅಂಗಳದಲ್ಲಿ ಹತ್ತಾರು ನಕ್ಷತ್ರದ ಆಮೆಗಳಿದ್ದವು, ಎಲ್ಲವೂ ಒಂದೇ ಥರ. ಅವರು ಬೇಲಿಗೆ ಬಗ್ಗಿ "ಬಾ ಬಸಣ್ಣ" ಎಂದು ಕರೆದರು. ಐದು ನಿಮಿಷ ಕಾದೆವು, ಹತ್ತು ನಿಮಿಷ ಕಾದೆವು. ಯಾರೂ ಬರಲಿಲ್ಲ. ಯಾರನ್ನು ಕರೆಯುತ್ತಿದ್ದೀರಿ ಎಂದು ಕಾವಲುಗಾರ ಕೇಳಿದ. ಆ ಬೇಸಿಗೆಯಲ್ಲಿ ಅವರು ಜಾರಿ ಬಿದ್ದು, ಬೀದರಿನಿಂದ ಸೋದರತ್ತೆಯ ಮೊಮ್ಮಗಳು ಬಂದು ತನ್ನ ಮನೆಗೆ ಕರೆದೊಯ್ದಳು. ನಾಂಪಲ್ಲಿ ಸ್ಟೇಷನ್ನಿನಲ್ಲಿ ಅವರನ್ನು ಗಾಡಿಗೆ ಹತ್ತಿಸಿದವನು ನಾನೇ. ರೋಸಿ ಅವರ ಕಾಲ ಬಳಿ ಬಕೆಟ್ಟಿನಲ್ಲಿದ್ದಳು. ಊಟ ಸರಿಯಾಗಿ ಮಾಡಿ ಎಂದು ನನಗೆ ಹೇಳಿದರು. ಅಷ್ಟೇ ಹೇಳಿದರು. ಕೆಲವು ವರ್ಷ ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಮೊದಲು ರೋಸಿ ಹೋದಳು, ಆಮೇಲೆ ಅವರು.

ನಾನು ಕಂಪನಿಯ ಹತ್ತಿರದ ಈ ಅಪಾರ್ಟ್‌ಮೆಂಟಿಗೆ ಬಂದೆ. ಈಗ ಕಂಪನಿಯೂ ಇಲ್ಲ, ನಿವೃತ್ತಿ. ಒಂಬತ್ತನೆಯ ಅಂತಸ್ತಿನಲ್ಲಿ ನಾಲ್ಕು ಮನೆಗಳಿವೆ. ನಾಲ್ಕು ಬಾಗಿಲುಗಳೂ ಸದಾ ಹಾಕಿರುತ್ತವೆ. ಎದುರು ಮನೆಯಲ್ಲಿ ಒಬ್ಬ ಹೆಂಗಸಿದ್ದಾರೆ, ನನ್ನದೇ ವಯಸ್ಸು, ಒಬ್ಬರೇ ಇರುವಂತೆ ಕಾಣುತ್ತದೆ. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಅಂತಸ್ತಿನ ಅಂಕಿಗಳನ್ನು ನೋಡುತ್ತೇವೆ. ಹೆಸರು ಕೇಳಿಲ್ಲ.

ಇಷ್ಟು ಬರೆದು ಎದ್ದೆ. ಮಧ್ಯಾಹ್ನವಾಗಿತ್ತು. ಅನ್ನ ಸಾರು ಬಿಸಿ ಮಾಡಿ ತಟ್ಟೆಗೆ ಹಾಕಿಕೊಂಡವನು, ಏನು ತೋಚಿತೋ, ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದೆ. ಮತ್ತೆ ಹಾಕಿಕೊಳ್ಳದಂತೆ ಚಪ್ಪಲಿ ಒತ್ತಿಟ್ಟೆ. ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಲಿಫ್ಟ್ ಬಂದು ನಿಂತಿತು. ತರಕಾರಿ ಚೀಲ ಹಿಡಿದು ಬಂದ ಆಕೆ ನನ್ನ ತೆರೆದ ಬಾಗಿಲು ನೋಡಿ ಗಾಬರಿಯಾಗಿ, ಏನಾದರೂ ಬೇಕಿತ್ತೇ ಎಂದು ತೆಲುಗಿನಲ್ಲಿ ಕೇಳಿದರು. ಏನೂ ಇಲ್ಲ, ಊಟ ಮಾಡುತ್ತಿದ್ದೇನೆ, ಸುಮ್ಮನೆ ತೆರೆದಿಟ್ಟಿದ್ದೇನೆ ಎಂದು ನನಗೆ ಬರುವಷ್ಟು ತೆಲುಗಿನಲ್ಲಿ ಹೇಳಿದೆ. ಆಕೆ ಒಂದು ಕ್ಷಣ ನಿಂತು, ತಲೆಯಾಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಗ್ಗರಣೆಯ ಸದ್ದು ಕೇಳಿಸಿತು. ಆಮೇಲೆ ನಲ್ಲಿಯ ಸದ್ದು. ನಾನು ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ತಲೆ ಎತ್ತಿ ನೋಡಿದರೆ ಎದುರಿನ ಬಾಗಿಲು ಒಂದು ಗೇಣಿನಷ್ಟು ತೆರೆದಿತ್ತು. ಒಳಗಿನಿಂದ ಯಾರೋ ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಬಂತು.